ಸಾರ್ವಜನಿಕರ ಕಲ್ಲು

ಹುಲಿಗೆವ್ವ ಬಿಜಾಪುರದ ಕಡೆಯ ಹಳ್ಳಿ ಬಿಟ್ಟು ಮುಂಬಯಿಗೆ ಬಂದಾಗ ಮಗ ಪರಪ್ಪ ಇನ್ನೂ ಮೊಲೆ ಕುಡಿಯುತ್ತಿದ್ದ. ಈಗ ಅವನಿಗೆ ಮೀಸೆ ಬಂದಿತ್ತು, ಮದುವೆಯಾಗಿತ್ತು, ಹೆಂಡತಿ ದ್ಯಾಮವ್ವ ಎರಡನೆಯ ಸಲ ಬಸುರಿಯಾಗಿದ್ದಳು. ಇಷ್ಟೆಲ್ಲ ಆದರೂ ಸರ್ಕಾರದ ಪ್ರಕಾರ ಹುಲಿಗೆವ್ವ ಹಳ್ಳಿ ಬಿಟ್ಟಿರಲಿಲ್ಲ. ಭಾಂಡುಪ್ ಸ್ಟೇಷನ್ನಿನ ಬಜಾರು ಮುಗಿಯುವಲ್ಲಿ ಮುನ್ಸಿಪಾಲಿಟಿಯವರು ಒಂದು ಹದ್ದುಗಲ್ಲು ನೆಟ್ಟಿದ್ದರು. ಕಲ್ಲಿನಿಂದ ಈಚೆ ಶಹರ, ಆಚೆ ಗ್ರಾಮ. ಈಚೆ ನಲ್ಲಿ, ಬೀದಿದೀಪ, ಕಸದ ಗಾಡಿ. ಆಚೆ ಶುದ್ಧ ಹವೆ. ಆ ಶುದ್ಧ ಹವೆಯನ್ನೇ ಉಸಿರಾಡಿ ಹುಲಿಗೆವ್ವನ ಗಂಡ ರಕ್ತ ಕಾರಿ ಸತ್ತು ಬಹಳ ವರ್ಷವಾಗಿತ್ತು.

ಗುಡ್ಡದ ಮೇಲೆ ಖದಾನ್ ಇತ್ತು, ಕಲ್ಲಿನ ಗಣಿ. ಗಂಡಸರು ಬಂಡೆಗೆ ತೂತು ಕೊರೆದು ಮದ್ದು ತುಂಬಿ ಸಿಡಿಸುತ್ತಿದ್ದರು. ಹೆಂಗಸರು ಸಿಡಿದದ್ದನ್ನು ಸುತ್ತಿಗೆಯಿಂದ ಒಡೆದು, ತಲೆಯ ಮೇಲೆ ಹೊತ್ತು ಲಾರಿಗೆ ಹಾಕುತ್ತಿದ್ದರು. ದಾದರದ ಕಟ್ಟಡ, ವಡಾಲದ ರಸ್ತೆ, ರೈಲು ಹಳಿಯ ಕೆಳಗಿನ ಜಲ್ಲಿ, ಎಲ್ಲ ಇಲ್ಲಿಂದಲೇ. ಊರಿನ ಹೊಲಗೇರಿಯಿಂದ ಬಂದ ಈ ಜನ ಒಡೆದ ಕಲ್ಲಿನ ಮೇಲೆ ಅರ್ಧ ಮುಂಬಯಿ ನಿಂತಿತ್ತು. ಅವರ ಗುಡಿಸಲುಗಳು ಮಾತ್ರ ಗೋಣಿತಟ್ಟಿನ ಮೇಲೆ ನಿಂತಿದ್ದವು.

ಗುಡ್ಡದ ಕೆಳಗೆ, ಗಣಪತಿ ಗುಡಿಯ ಸುತ್ತ, ಹೊಸ ಬಿಲ್ಡಿಂಗುಗಳು ಎದ್ದಿದ್ದವು. ಸಂಬಳದ ಕೆಲಸದ ಜನ ಅಗ್ಗದ ಜಾಗ ನೋಡಿ ಬಂದು ಕಟ್ಟಿಸಿಕೊಂಡದ್ದು. ಇವರೂ ಹದ್ದುಗಲ್ಲಿನಿಂದ ಆಚೆಯವರೇ. ಆದರೆ ನೆಂಟರ ಮುಂದೆ ಎಂದೂ ಹಳ್ಳಿಯವರು ಎಂದು ಹೇಳಿಕೊಂಡವರಲ್ಲ. ಗ್ರಾಮೀಣ ಆರೋಗ್ಯ ಯೋಜನೆ ಬಂದ ದಿನ ಮಾತ್ರ ಬಿಳಿ ಟೋಪಿ ಹಾಕಿಕೊಂಡು ಒಮ್ಮೆಲೇ ಗ್ರಾಮಸ್ಥರಾದರು.

ಯೋಜನೆ ಬಂತೆಂದು ಕೇಳಿ ಹುಲಿಗೆವ್ವ ಮೊದಲು ನಂಬಲಿಲ್ಲ. ಸರ್ವೆಯವರು ಬಂದು ಖದಾನಿನ ಬಾಯಲ್ಲಿ, ಅವಳ ಗುಡಿಸಲಿನಿಂದ ಕೂಗಳತೆಯಲ್ಲಿ, ನಾಲ್ಕು ಮೂಲೆಗೆ ಗೂಟ ಹೊಡೆದು ಹೋದ ಮೇಲೆ ನಂಬಿದಳು. ಇಲ್ಲಿ ದವಾಖಾನೆ ಬರುತ್ತದೆ, ಒಂದು ಹೆರಿಗೆ ಮಂಚ ಬರುತ್ತದೆ, ಒಬ್ಬ ನರ್ಸು ಬರುತ್ತಾಳೆ ಎಂದು ಅವರು ಹೇಳಿದ್ದರು. ಅವತ್ತು ಸಂಜೆ ಹುಲಿಗೆವ್ವ ಆ ಗೂಟಗಳ ನಡುವೆ ಹೋಗಿ ಸುಮ್ಮನೆ ಕೂತಿದ್ದಳು. ಸುತ್ತ ಯಾರೂ ಇಲ್ಲದಾಗ ಅತ್ತಳು.

ಅಳುವುದಕ್ಕೆ ಕಾರಣವಿತ್ತು. ದ್ಯಾಮವ್ವನ ಮೊದಲ ಹೆರಿಗೆಯಲ್ಲಿ ಕೂಸಿನ ಕಾಲು ಮುಂದಾಗಿತ್ತು. ಕಂಬಳಿಗೆ ಬಿದಿರು ಕಟ್ಟಿ ಅವಳನ್ನು ಮಲಗಿಸಿ ಗುಡ್ಡ ಇಳಿಸಿದರು. ಗದ್ದೆಯ ಬದುವಿನ ಮೇಲೆ ಹೊತ್ತು ಸ್ಟೇಷನ್ ಮುಟ್ಟಿಸಿದರು. ಪಟ್ಟಣದ ಆಸ್ಪತ್ರೆಗೆ ಹೋಗುವ ಲೋಕಲ್ಲಿಗೆ ಕಾದರು. ಪ್ಲಾಟ್‌ಫಾರಂ ಮೇಲೆ ಆಫೀಸಿಗೆ ಹೊರಟವರು ಸುತ್ತ ನಿಂತು, ಗಾಡಿ ಬರುವ ಕಡೆ ಮುಖ ಮಾಡಿದರು. ಗಾಡಿ ಬಂತು. ಅಷ್ಟರೊಳಗೆ ಕೂಸು ಅಲ್ಲೇ ಹುಟ್ಟಿ, ಹೋಗಿತ್ತು. ರಕ್ತದ ಕಂಬಳಿ ಕಂಡವರು ಹತ್ತಲು ಬಿಡಲಿಲ್ಲ. ಹೆಣವನ್ನು ಮಡಿಲಲ್ಲಿ ಕಟ್ಟಿಕೊಂಡು, ಬಾಣಂತಿಯನ್ನು ಹೊತ್ತುಕೊಂಡು, ಮತ್ತೆ ಅದೇ ಗುಡ್ಡ ಹತ್ತಿದರು. ಹುಲಿಗೆವ್ವನಿಗೆ ಬೇಕಾದದ್ದು ಇಷ್ಟೇ, ಈ ಸಲದ ಕೂಸು ಆ ದಾರಿ ಕಾಣಬಾರದು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿ ಪೂಜಾರಿಯ ಹೆಸರು ಸಾರ್ವಜನಿಕರು.

ಹಿಂದಿನ ಯೋಜನೆಗಳೆಲ್ಲ ಜನರನ್ನು ಕೇಳದೆ ಮಾಡಿ ಹಾಳಾದವಂತೆ. ಈ ಸಲ ಕೇಳಿ ಹಾಳು ಮಾಡುವುದೆಂದು ಸರ್ಕಾರ ತೀರ್ಮಾನಿಸಿತ್ತು. ದವಾಖಾನೆ ಎಲ್ಲಿರಬೇಕು, ಹೇಗೆ ನಡೆಯಬೇಕು ಎಂದು ಹೇಳಲು ಸಾರ್ವಜನಿಕರ ಸಭೆ ಕರೆದರು. ಸಭೆಗೆ ಒಂದು ಸಮಿತಿ ಆಯಿತು. ಕೇಶವಮೂರ್ತಿ ಅಧ್ಯಕ್ಷರು. ಮೈಸೂರಿನ ಕಡೆಯವರು, ಯಾವುದೋ ದೊಡ್ಡ ಆಫೀಸಿನಲ್ಲಿ ಹೆಡ್ ಕ್ಲಾರ್ಕು. ಅವರು ಕೆಮ್ಮಿದರೂ ಅದರಲ್ಲೊಂದು ಪೀಠಿಕೆ ಇರುತ್ತಿತ್ತು. ಸದಾನಂದ ಕಾರ್ಯದರ್ಶಿ. ಉಡುಪಿಯವರು, ಸ್ಟೇಷನ್ ಬಜಾರಿನಲ್ಲಿ ಹೋಟೆಲು. ಅವರ ಹೋಟೆಲಿನ ಮುಂಬಾಗಿಲು ಎಲ್ಲರಿಗೂ ತೆರೆದಿತ್ತು, ಖದಾನಿನವರಿಗೆ ಹಿತ್ತಿಲ ಕಿಂಡಿ ತೆರೆದಿತ್ತು. ಯಾರಿಗೂ ಇಲ್ಲ ಅಂದವರಲ್ಲ.

ಸಭೆಯ ಮಂಟಪ ಹಾಕಿದ್ದು ಪರಪ್ಪ ಮತ್ತು ಖದಾನಿನ ಗಂಡಸರು. ಬಿದಿರು ನೆಟ್ಟರು, ತಟ್ಟು ಹೊದಿಸಿದರು, ಒಳಗೆ ಜಮಖಾನೆ ಹಾಸಿದರು. ಹಾಸಿ ಮುಗಿದ ಕೂಡಲೇ ಹೊರಗೆ ಬಂದು ನಿಂತರು. ಯಾರೂ ಹೋಗಿ ಅನ್ನಲಿಲ್ಲ. ಅನ್ನಬೇಕಾಗಿರಲಿಲ್ಲ. ತಲೆತಲಾಂತರದಿಂದ ಕಾಲಿಗೆ ಅಭ್ಯಾಸವಾಗಿತ್ತು. ಊರಲ್ಲಿ ಪಂಚಾಯ್ತಿ ನಡೆದರೆ ಕಟ್ಟೆಯಿಂದ ಎಷ್ಟು ದೂರ ನಿಲ್ಲಬೇಕೆಂದು ಇವರ ಕಾಲಿಗೆ ಗೊತ್ತು. ಮುಂಬಯಿಗೆ ಬರುವಾಗ ಪಾತ್ರೆ ಪಡಗ ಬಿಟ್ಟು ಬಂದಿದ್ದರು, ಇದನ್ನು ಮಾತ್ರ ಮರೆಯದೆ ತಂದಿದ್ದರು.

ಆರೋಗ್ಯ ಇಲಾಖೆಯ ಸಾಹೇಬ ಬಂದ. ಮರಾಠಿಯವನು, ಕೆಟ್ಟವನಲ್ಲ. ಹೊರಗೆ ನಿಂತವರನ್ನು ನೋಡಿ, "ಸಬ್ ಲೋಗ್ ಅಂದರ್ ಆವೊ, ಬೈಠೊ" ಎಂದು ಕೈ ಬೀಸಿದ. ದ್ಯಾಮವ್ವ ಬಸುರಿ. ನಿಂತು ಸೊಂಟ ನೋಯುತ್ತಿತ್ತು. ಒಳಗೆ ಹೋಗಿ ಜಮಖಾನೆಯ ಅಂಚಿಗೆ ಕೂತಳು. ಹುಲಿಗೆವ್ವ ನೋಡಿದಳು. ಓಡಿ ಹೋಗಿ ಸೊಸೆಯ ಸೆರಗು ಹಿಡಿದು ಎಳೆದಳು.

"ಏಳ ಮ್ಯಾಲ. ಜಮಖಾನಿ ನಮಗಲ್ಲ. ಹೊರಗ ಬಾ."

"ಸಾಬನ ಕರಿಯಾಕತ್ತಾನಲ್ಲ ಅತ್ತಿ?"

"ಅವ ಕರದು ಹೋಗ್ತಾನ. ನಾಳೆ ಇವ್ರ ಕೂಡ ಬಾಳೇ ಮಾಡಾಂವ ಅವ ಅಲ್ಲ, ನಾವು. ಏಳ್."

ದ್ಯಾಮವ್ವ ಎದ್ದು ಬಂದಳು. ಸಾಹೇಬ ಇನ್ನೊಮ್ಮೆ ಕರೆಯಲಿಲ್ಲ. ಅವನಿಗೂ ಬೇರೆ ಹಳ್ಳಿಗಳು ಕಾಯುತ್ತಿದ್ದವು.

ಕೇಶವಮೂರ್ತಿ ಎದ್ದರು. ಜನರೇ ಜನಾರ್ದನ ಎಂದರು. ಕರ್ನಾಟಕ ಒಂದಾಗುವ ಶುಭಗಳಿಗೆ ಬಂದಿದೆ, ಉಡುಪಿಯವನೇನು ಬಿಜಾಪುರದವನೇನು, ಎಲ್ಲ ಒಂದೇ ತಾಯಿಯ ಮಕ್ಕಳು ಎಂದರು. ಹೊರಗೆ ನಿಂತ ಮಕ್ಕಳೂ ಕೇಳಿಸಿಕೊಂಡರು. ಆಮೇಲೆ ವಿಷಯಕ್ಕೆ ಬಂದರು. ಸರ್ಕಾರ ಗೂಟ ಹೊಡೆದ ಜಾಗ ಖದಾನಿನ ಬಾಯಿ. ಅಲ್ಲಿ ವಿಪರೀತ ದೂಳು, ಮದ್ದಿನ ಸದ್ದು. ಅಲ್ಲಿ ದವಾಖಾನೆ ಕಟ್ಟಿದರೆ ರೋಗಿಗಳ ಆರೋಗ್ಯ ಕೆಡುತ್ತದೆ. ಆದ್ದರಿಂದ ಗುಡಿಯ ಪಕ್ಕದ ತಂಪು ಜಾಗವೇ ಸರಿ.

ಮಾತು ಎಷ್ಟು ಸರಿಯಾಗಿತ್ತೆಂದರೆ ಹುಲಿಗೆವ್ವನಿಗೆ ಒಂದು ಗಳಿಗೆ ಹೌದಲ್ಲ ಅನ್ನಿಸಿತು. ದೂಳು ಇರುವಲ್ಲಿ ಆರೋಗ್ಯ ಇರುವುದಿಲ್ಲ. ದೂಳು ಇರುವಲ್ಲಿ ದವಾಖಾನೆಯೂ ಇರಬಾರದು. ದೂಳಿನಲ್ಲಿ ಇರಬೇಕಾದವರು ಮನುಷ್ಯರು ಮಾತ್ರ.

ಗುಡಿಯ ಪಕ್ಕ ಬೇಕೆನ್ನುವವರು ಕೈ ಎತ್ತಿ ಎಂದ ಸಾಹೇಬ. ಜಮಖಾನೆಯ ಮೇಲಿನವರೆಲ್ಲ ಎತ್ತಿದರು. ಖದಾನಿನ ಹತ್ತಿರವೇ ಬೇಕೆನ್ನುವವರು? ಹೊರಗಿದ್ದವರೆಲ್ಲ ಎತ್ತಿದರು. ಸುತ್ತಿಗೆ ಹಿಡಿದು ಗೆಣ್ಣು ಬಾತ ಕೈಗಳು. ಒಳಗಿನ ಕೈಗಳಿಗಿಂತ ಎಷ್ಟೋ ಹೆಚ್ಚು. ಹುಲಿಗೆವ್ವ ತುದಿಗಾಲಲ್ಲಿ ನಿಂತು ಎತ್ತಿದ್ದಳು. ಸಾಹೇಬ ಕಣ್ಣು ಕಿರಿದು ಮಾಡಿ ನೋಡಿ, ಇವರು ಯಾರು ಎಂದು ಸದಾನಂದರನ್ನು ಕೇಳಿದ.

ಸದಾನಂದ ಹಿಂದಿಯಲ್ಲಿ ಹೇಳಿದರು. "ಮಂಟಪವಾಲೆ ಮಜ್ದೂರ್ ಹೈಂ ಸಾಬ್. ಚಾಯ್ ಮಾಂಗ್ತೇ ಹೈಂ."

ಮಂಟಪ ಕಟ್ಟಿದ ಕೂಲಿಗಳು, ಚಹಾ ಕೇಳುತ್ತಿದ್ದಾರೆ. ಇಷ್ಟು ವರ್ಷ ಮುಂಬಯಿಯಲ್ಲಿದ್ದ ಹುಲಿಗೆವ್ವನಿಗೆ ಅಷ್ಟು ಹಿಂದಿ ಬರುತ್ತಿತ್ತು. ಎತ್ತಿದ ಕೈ ಹಾಗೇ ಇತ್ತು. ಸಾಹೇಬ ನಕ್ಕು, ಅವರಿಗೂ ಚಹಾ ಕೊಡಿ ಎಂದ. ಕೊಟ್ಟರು. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಗಳಲ್ಲಿ, ಮೇಲಿನಿಂದ ಸುರಿದು. ಹುಲಿಗೆವ್ವ ಕುಡಿದಳು. ತನ್ನ ಓಟನ್ನು ತಾನೇ ಬಿಸಿಬಿಸಿಯಾಗಿ ಕುಡಿದಳು.

ಮರುದಿನ ಖದಾನಿನ ಬಾಯಿಯ ಗೂಟಗಳು ಗುಡಿಯ ಪಕ್ಕಕ್ಕೆ ಹೋದವು. ಕಿತ್ತು, ಹೊತ್ತು, ಅಲ್ಲಿ ಹೊಡೆದು ಬಂದವನು ಪರಪ್ಪ.

ವಾರ ಕಳೆದು ಸದಾನಂದ ಗುಡ್ಡ ಹತ್ತಿ ಬಂದರು. ಧೋತರದ ಚುಂಗು ಎತ್ತಿ ಹಿಡಿದು, ಗುಡಿಸಲಿಗೆ ಮಾರು ದೂರದಲ್ಲಿ ನಿಂತರು. ಮುಖದ ತುಂಬ ಪ್ರೀತಿ.

"ಎಂತ ಹುಲಿಗೆವ್ವ, ಆರಾಮಾ? ನೋಡಿ, ಇದು ಸರ್ಕಾರದ ಕೆಲಸ ಅಲ್ಲ, ನಮ್ಮೆಲ್ಲರ ಕೆಲಸ. ಶ್ರಮದಾನ ಅಂತ ಉಂಟು. ಒಬ್ಬೊಬ್ಬರು ಒಂದೊಂದು ಕೊಡುವುದು. ಮೂರ್ತಿಯವರು ಬುದ್ಧಿ ಕೊಡ್ತಾರೆ. ನಾನು ಚಾ ಕಾಫಿಯದ್ದು ನೋಡ್ತೇನೆ. ಹೆಂಗಸರು ಭಜನೆ ಮಾಡ್ತಾರೆ. ನಿಮ್ಮದು ಕಲ್ಲು."

"ಎಷ್ಟ್ ಕಲ್ಲ್ರಿ?" ಎಂದ ಪರಪ್ಪ.

"ದಾನಕ್ಕೆ ಲೆಕ್ಕ ಉಂಟಾ ಮಾರಾಯ? ತಳಪಾಯದಿಂದ ಗೋಡೆವರೆಗೆ ಆಗುವಷ್ಟು. ಭಾನುವಾರ ನಿಮಗೆ ಹೇಗೂ ರಜೆ ಅಲ್ವಾ?"

ಪರಪ್ಪ ತಾಯಿಯ ಮುಖ ನೋಡಿದ. ಹುಲಿಗೆವ್ವ ದ್ಯಾಮವ್ವನ ಹೊಟ್ಟೆ ನೋಡಿದಳು. ಖದಾನಿನ ಬಾಯಲ್ಲಿ ಆಗಲಿಲ್ಲ, ಸರಿ. ಗುಡ್ಡದ ಬುಡಕ್ಕಾದರೂ ಬಂತಲ್ಲ. ಆ ಸ್ಟೇಷನ್ನು, ಆ ಲೋಕಲ್ಲು, ಆ ಮುಖ ತಿರುಗಿಸಿದ ಜನ ತಪ್ಪಿತಲ್ಲ.

"ನನ್ನ ಸೊಸಿಗೆ ಮಂಚ ಸಿಗತೈತೇನ್ರಿ?"

"ಕೇಳುವುದಾ? ಆಸ್ಪತ್ರೆ ಯಾರದ್ದು? ಸಾರ್ವಜನಿಕರದ್ದು!"

ಭಾನುವಾರಗಳು ಹೋದವು. ವಾರವಿಡೀ ಕಂತ್ರಾಟುದಾರನಿಗೆ ಒಡೆದ ಕೈ ಭಾನುವಾರ ಸಾರ್ವಜನಿಕರಿಗೆ ಒಡೆಯಿತು. ದವಾಖಾನೆಯ ಕಲ್ಲೆಂದು ಹುಲಿಗೆವ್ವ ಒಳ್ಳೆಯ ಬಂಡೆ ಆರಿಸುತ್ತಿದ್ದಳು. ನಾಲ್ಕೂ ಮುಖ ಚಪ್ಪಟೆಯಾಗುವಂತೆ ತಟ್ಟುತ್ತಿದ್ದಳು. ಚಕ್ಕೆ ಹಾರಿ ಹುಬ್ಬು ಸೀಳಿತು. ಸೀರೆ ಹರಿದು ಪಟ್ಟಿ ಕಟ್ಟಿಕೊಂಡು ಮತ್ತೆ ತಟ್ಟಿದಳು. ಇದರ ಮೇಲೆ ನಿಂತ ಗೋಡೆಯ ಒಳಗೆ ಮೊಮ್ಮಗು ಹುಟ್ಟುತ್ತದೆ ಎಂದು ಅವಳಿಗೆ ಆಸೆ. ಬಡವರ ಆಸೆಗೆ ಯಾವ ಸಮಿತಿಯ ಒಪ್ಪಿಗೆಯೂ ಬೇಕಾಗಿಲ್ಲ, ಅದಕ್ಕೇ ಅದು ಅಷ್ಟು ಸುಲಭವಾಗಿ ಬೆಳೆಯುತ್ತದೆ.

ಶಂಕುಸ್ಥಾಪನೆಯ ದಿನ ಬಂತು. ಚಳಿಗಾಲದ ಬೆಳಗು, ಗುಡಿಯ ಮುಂದೆ ಮಾವಿನ ತೋರಣ. ಸಾಹೇಬ ಬಂದಿದ್ದ, ಫೋಟೋದವನು ಬಂದಿದ್ದ. ಹೊಸದಾಗಿ ನೇಮಕವಾದ ನರ್ಸು ಶೀಲಾವತಿಯೂ ಬಂದಿದ್ದಳು. ಮಂಗಳೂರಿನ ಹುಡುಗಿ, ವಡಾಲದಲ್ಲಿ ಚಿಕ್ಕಮ್ಮನ ಮನೆ, ಕುರ್ಲಾದಲ್ಲಿ ಗಾಡಿ ಬದಲಿಸಿ ದಿನಾ ಬಂದು ಹೋಗುತ್ತಿದ್ದಳು. ಕೆಲಸ ಕೊಟ್ಟಿದ್ದರು, ಕೂರಲು ಜಾಗ ಇರಲಿಲ್ಲ. ಹಾಗಾಗಿ ಕರಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸದಾನಂದರ ಹೋಟೆಲಿನ ಬೆಂಚಿನ ಮೇಲೆ ಗ್ರಾಮೀಣ ಆರೋಗ್ಯ ಸೇವೆ ಸಲ್ಲಿಸುತ್ತಿದ್ದಳು. ಅವಳಿಗೊಂದು ಹಾರ ಹಾಕಿ ಮೂಲೆಯಲ್ಲಿ ಕೂರಿಸಿದ್ದರು.

ಖದಾನಿನ ಹೆಂಗಸರು ಸಾಲಾಗಿ ಕಲ್ಲು ಹೊತ್ತು ಗುಡ್ಡ ಇಳಿದರು. ಎಲ್ಲರಿಗಿಂತ ಹಿಂದೆ ದ್ಯಾಮವ್ವ, ತುಂಬಿದ ಬಸುರಿ. ಬೇಡ ಅಂದರೂ ಕೇಳದೆ ಒಂದು ಸಣ್ಣ ಕಲ್ಲು ಹೊತ್ತಿದ್ದಳು. "ನನ್ನ ಕೂಸಿಂದೂ ಒಂದ್ ಇರ್ಲಿ" ಎಂದಿದ್ದಳು.

ಪಾಯದ ಗುಂಡಿಗೆ ಸ್ವಲ್ಪ ಈಚೆಗೆ ನೆಲದ ಮೇಲೆ ಸುಣ್ಣದ ಗೆರೆ ಎಳೆದಿತ್ತು. ಗೆರೆಯ ಆಚೆ ಕೇಶವಮೂರ್ತಿಯವರ ಹೆಂಡತಿ ಕೌಸಲ್ಯಾ ಹಿತ್ತಾಳೆಯ ತಂಬಿಗೆ, ತುಳಸಿಯ ಕುಡಿ ಹಿಡಿದು ನಿಂತಿದ್ದರು.

"ಅಲ್ಲೇ ಇಡಮ್ಮ, ಅಲ್ಲೇ. ಗೆರೆ ದಾಟ್ಬೇಡ. ಹಾಂ, ಕೈ ತೆಗಿ."

ಹುಲಿಗೆವ್ವ ಕಲ್ಲಿಟ್ಟಳು. ಕೈ ತೆಗೆದಳು. ಕೌಸಲ್ಯಾ ತುಳಸಿಯ ಕುಡಿಯನ್ನು ತಂಬಿಗೆಯಲ್ಲಿ ಅದ್ದಿ ಕಲ್ಲಿನ ಮೇಲೆ ಚಿಮುಕಿಸಿದರು. ಗೋಮೂತ್ರದ ವಾಸನೆ ಬಂತು. ಆಮೇಲೆ ಬಿಲ್ಡಿಂಗಿನ ಇಸ್ತ್ರಿ ಅಂಗಿಯ ತರುಣರು ಬಂದು ಆ ಕಲ್ಲು ಎತ್ತಿ ಎರಡು ಹೆಜ್ಜೆ ನಡೆದು ಗುಂಡಿಯ ಬಳಿ ಇಟ್ಟರು. ಆ ಎರಡು ಹೆಜ್ಜೆಯ ಫೋಟೋ ತೆಗೆದರು. ಗುಡ್ಡದಿಂದ ಇಲ್ಲಿಯವರೆಗೆ ಹೊತ್ತದ್ದು ಕೂಲಿ, ಆ ಎರಡು ಹೆಜ್ಜೆ ಶ್ರಮದಾನ.

ಹೋದ ವರ್ಷವಷ್ಟೇ ದಿಲ್ಲಿಯಲ್ಲಿ ಕಾನೂನಾಗಿತ್ತು, ಮುಟ್ಟುವುದಿಲ್ಲ ಅಂದವರಿಗೆ ಶಿಕ್ಷೆ ಎಂದು. ಸಮಿತಿಯವರು ಕಾನೂನು ಬಲ್ಲವರು. ಮುಟ್ಟುವುದಿಲ್ಲ ಎಂದು ಒಬ್ಬರೂ ಹೇಳಲಿಲ್ಲ. ದೂಳು ಎಂದರು.

ಕೇಶವಮೂರ್ತಿ ಭಾಷಣದಲ್ಲಿ ಅದನ್ನೇ ವಿವರಿಸಿದರು. ಕೇಂದ್ರ ಹೇಗೆ ನಡೆಯಬೇಕೆಂದು ಸಾರ್ವಜನಿಕರೇ ಚರ್ಚಿಸಿ ವ್ಯವಸ್ಥೆ ಮಾಡಿದ್ದಾರೆ. ಖದಾನಿನ ಬಂಧುಗಳ ಮೈಮೇಲೆ ದೂಳು ಇರುವುದರಿಂದ ಇತರ ರೋಗಿಗಳ ಹಿತಕ್ಕಾಗಿ ಅವರಿಗೆ ಹಿಂದಿನ ಬಾಗಿಲು. ದಿನವೂ ಬಂದು ಅವರ ಕೂಲಿ ಕೆಡಬಾರದೆಂದು ವಾರಕ್ಕೊಂದು ದಿನ ಅವರಿಗೇ ಮೀಸಲು, ಶನಿವಾರ. ಕೈಚಪ್ಪಾಳೆ ಬಿತ್ತು. ಸಾಹೇಬನಿಗೆ ಕನ್ನಡ ಬಾರದು. ಅವನೂ ತಟ್ಟಿದ.

ಹುಲಿಗೆವ್ವನಿಗೆ ಕನ್ನಡ ಬರುತ್ತಿತ್ತು. ಅವಳು ಗೆರೆಯ ಹತ್ತಿರ ಬಂದು ನಿಂತಳು.

"ಮೂರ್ತಿಯವ್ರ, ಒಂದ್ ಮಾತ್ರಿ. ನನ್ನ ಸೊಸಿಗೆ ಬ್ಯಾನಿ ಬಂದ್ರ?"

"ಬನ್ನಿ ತಾಯಿ, ಧಾರಾಳವಾಗಿ ಬನ್ನಿ. ಶನಿವಾರ."

"ಬ್ಯಾನಿ ಶನಿವಾರ ನೋಡಿ ಬರ್ತಾವೇನ್ರಿ?"

ಜಮಖಾನೆಯ ಮೇಲೆ ಕೆಲವರು ನಕ್ಕರು. ಕೇಶವಮೂರ್ತಿಯವರೂ ಮುಗುಳ್ನಕ್ಕರು. "ನೋಡಮ್ಮ, ಸಾರ್ವಜನಿಕ ಕೆಲಸ ಅಂದ್ಮೇಲೆ ಎಲ್ರೂ ಸ್ವಲ್ಪ ಹೊಂದಿಸ್ಕೊಂಡು ಹೋಗ್ಬೇಕು. ತಪ್ಪು ತಿಳ್ಕೋಬೇಡಿ. ಇದು ನನ್ನ ಮಾತಲ್ಲ, ಸಾರ್ವಜನಿಕರ ತೀರ್ಮಾನ."

ಅಷ್ಟರಲ್ಲಿ ದ್ಯಾಮವ್ವನ ಸರದಿ ಬಂದಿತ್ತು. ಹೊಟ್ಟೆ ಹೊತ್ತು ಬಗ್ಗಲಾರದೆ ಮಂಡಿಯೂರಿ, ಕೂಸಿನ ಪಾಲಿನ ಕಲ್ಲನ್ನು ಗೆರೆಯ ಈಚೆ ಇಟ್ಟಳು. ಏಳಲಾಗಲಿಲ್ಲ. ಆಸರೆಗೆಂದು ಕೈ ಚಾಚಿದಳು. ಎದುರಿಗೆ ಕೌಸಲ್ಯಾ ಇದ್ದರು. ಅವರೂ ಮಕ್ಕಳನ್ನು ಹೆತ್ತವರೇ. ಚಾಚಿದ ಕೈಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಕಲ್ಲಿನ ಮೇಲೆ ತುಳಸಿ ನೀರು ಚಿಮುಕಿಸಿದರು. ನಾಲ್ಕು ಹನಿ ಹಾರಿ ದ್ಯಾಮವ್ವನ ಹೊಟ್ಟೆಗೆ ಬಿದ್ದವು.

ಹುಲಿಗೆವ್ವ ಆ ಹನಿಗಳನ್ನು ನೋಡಿದಳು. ಕೂಸು ಇನ್ನೂ ಹುಟ್ಟಿಲ್ಲ. ಕಣ್ಣು ತೆರೆದಿಲ್ಲ. ಅದಕ್ಕೂ ಮೈಲಿಗೆ ಹತ್ತಿತು. ಈ ಹೆಂಗಸನ್ನು ಕೊಲ್ಲಬೇಕು ಅನ್ನಿಸಿತು ಅವಳಿಗೆ. ಅದಕ್ಕಿಂತ ಹೆಚ್ಚಾಗಿ, ಅವತ್ತು ಮಂಟಪದಲ್ಲಿ ಸೊಸೆಯ ಸೆರಗು ಎಳೆದ ತನ್ನ ಕೈಯನ್ನು ಸುತ್ತಿಗೆಯಿಂದ ಜಜ್ಜಬೇಕು ಅನ್ನಿಸಿತು.

ಅವಳು ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು. ಆಮೇಲೆ ಸುಣ್ಣದ ಗೆರೆಯನ್ನು ದಾಟಿದಳು. ದಾಟಿದ್ದಲ್ಲ, ತುಳಿದಳು. ಗುಂಡಿಯ ಬಳಿಯ ರಾಶಿಗೆ ಹೋಗಿ ತಾನು ತಂದ ಕಲ್ಲನ್ನು ಗುರುತು ಹಿಡಿದಳು. ತಾನೇ ತಟ್ಟಿದ ಮುಖಗಳು, ತನ್ನದೇ ಹುಬ್ಬಿನ ರಕ್ತದ ಕಲೆ. ಎತ್ತಿ ತಲೆಯ ಮೇಲಿಟ್ಟುಕೊಂಡಳು. ಕಲ್ಲಿನಿಂದ ಗೋಮೂತ್ರ ಹಣೆಗಿಳಿಯಿತು. ಒರೆಸಿಕೊಳ್ಳಲಿಲ್ಲ. ಗುಡ್ಡದ ಕಡೆ ನಡೆದಳು.

ಆಮೇಲೆ ಇನ್ನೊಬ್ಬ ಹೆಂಗಸು ಗೆರೆ ದಾಟಿದಳು. ಇನ್ನೊಬ್ಬಳು. ಗಂಡಸರೂ ನುಗ್ಗಿದರು. ತಮ್ಮ ಕಲ್ಲು ಸಿಕ್ಕಿದವರು ತಮ್ಮದು, ಸಿಗದವರು ಕೈಗೆ ಬಂದದ್ದು ಎತ್ತಿಕೊಂಡರು. ಇಸ್ತ್ರಿ ಅಂಗಿಯ ತರುಣನೊಬ್ಬ ಫೋಟೋಕ್ಕೆಂದು ಎತ್ತಿ ಹಿಡಿದಿದ್ದ ಕಲ್ಲನ್ನು ಪರಪ್ಪ ಮೆಲ್ಲಗೆ ಅವನ ಕೈಯಿಂದ ಬಿಡಿಸಿಕೊಂಡ. "ಭಾರ ಐತ್ರಿ ಸಾಹೇಬ್ರ. ಬೆನ್ನು ಹಿಡಕೊಂಡೀತು."

ಸದಾನಂದ ಓಡಿ ಬಂದರು. ಕೈಯಲ್ಲಿ ಲಾಡಿನ ತಟ್ಟೆ ಹಾಗೇ ಇತ್ತು.

"ಹುಲಿಗೆವ್ವ! ಎಂತದ್ದಿದು? ದಾನ ಕೊಟ್ಟದ್ದನ್ನು ಯಾರಾದರೂ ತಿರುಗಿ ತೆಕ್ಕೊಳ್ತಾರಾ ಮಾರಾಯ್ತಿ? ಪಾಪ ಬರ್ತದೆ!"

ಹುಲಿಗೆವ್ವ ನಿಂತಳು. ತಲೆಯ ಮೇಲೆ ಕಲ್ಲಿದ್ದುದರಿಂದ ಕುತ್ತಿಗೆ ನೆಟ್ಟಗಿತ್ತು. ಸದಾನಂದರನ್ನು ಅವಳು ನೇರ ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

"ಮನಿಯೊಳಗ ಕರದು ತಗೊಂಡ್ರ ಅದು ದಾನ. ಗೆರಿ ಹೊರಗ ಇಳಿಸಿಕೊಂಡ್ರ ಅದು ಹೊರಿ. ಹೊರಿ ನಮಗ ರೂಢಿ ಐತಿ. ನಾವ ಹೊರತೀವಿ, ಬಿಡ್ರಿ."

"ಸಾಹೇಬರು ಫೋಟೋಕ್ಕೆ ನಿಂತಿದ್ದಾರೆ. ಒಂದು ಕಲ್ಲಾದರೂ ಬಿಡಿ. ಒಂದೇ ಒಂದು."

"ಚಾ ಕುಡೀರಿ" ಎಂದಳು ಹುಲಿಗೆವ್ವ. ನಡೆದಳು.

ಸಾಹೇಬ ಗಾರೆ ಮೆತ್ತುವ ಬೆಳ್ಳಿಯ ಕರಣಿ ಹಿಡಿದು ಗುಂಡಿಯ ಅಂಚಿನಲ್ಲಿ ನಿಂತಿದ್ದ. ಗುಂಡಿಯಲ್ಲಿ ಗಾರೆ ಕಾಯುತ್ತಿತ್ತು. ಬಿಲ್ಡಿಂಗಿನ ಮಹಿಳಾ ಮಂಡಲಿಯವರು ಏನು ಮಾಡುವುದೆಂದು ತೋಚದೆ ಭಜನೆ ಶುರು ಮಾಡಿದರು. ಗುಡ್ಡದ ದಾರಿಯಲ್ಲಿ ಕಲ್ಲುಗಳು ಒಂದರ ಹಿಂದೊಂದು ಮೇಲೇರುತ್ತಿದ್ದವು. ಸಾರ್ವಜನಿಕರು ಎಲ್ಲಿ ಹೋಗುತ್ತಿದ್ದಾರೆ ಎಂದು ಸಾಹೇಬ ಕೇಳಿದನಂತೆ. ಅವರು ಸಾರ್ವಜನಿಕರಲ್ಲ ಎಂದು ಯಾರೋ ಸಮಾಧಾನ ಹೇಳಿದರಂತೆ.

ಫಲ ತಡವಾಗಲಿಲ್ಲ. ಖದಾನಿನ ಕಂತ್ರಾಟುದಾರ ಗುಡಿಯ ದೊಡ್ಡ ಭಕ್ತ. ಮರುದಿನವೇ ಹುಲಿಗೆವ್ವನ ಕಡೆಯವರಿಗೆ ಕೆಲಸವಿಲ್ಲ ಎಂದ. ಕೆಲವರು ಆಂಟಾಪ್ ಹಿಲ್ಲಿನ ಕಡೆ ಮಣ್ಣು ಹೊರಲು ಹೋದರು, ಕೆಲವರು ವಡಾಲದ ಉಪ್ಪಿನ ಗದ್ದೆಗೆ. ಒಲೆ ಹೊತ್ತದ ದಿನಗಳು ಬಂದವು. ಗುಡಿಸಲುಗಳಲ್ಲಿ ಹುಲಿಗೆವ್ವನನ್ನು ಬೈದವರೂ ಇದ್ದರು. "ಹಿಂದಿನ ಬಾಗ್ಲಾದ್ರೂ ಇತ್ತು, ಅದನ್ನೂ ಕಳದಿ" ಎಂದ ನೆರೆಯ ಮುದುಕ ಶೆಟ್ಟೆಪ್ಪ. ಹಸಿದವನ ಬಾಯಿಗೆ ಉತ್ತರ ಹಾಕಿದರೆ ಹೊಟ್ಟೆ ತುಂಬುವುದಿಲ್ಲ.

ಕೆಲಸವಿಲ್ಲದ ಕೈಗಳು ಸುಮ್ಮನೆ ಕೂರಲಿಲ್ಲ. ಸರ್ಕಾರ ಮೊದಲು ಗೂಟ ಹೊಡೆದಿದ್ದ ತೂತುಗಳು ಖದಾನಿನ ಬಾಯಲ್ಲಿ ಇನ್ನೂ ಇದ್ದವು. ಅವುಗಳ ಗುರುತಿಗೆ ಪರಪ್ಪ ಹಗ್ಗ ಹಿಡಿದ. ತಂದ ಕಲ್ಲುಗಳನ್ನು ಒಂದರ ಮೇಲೊಂದು ಕೂಡಿಸಿದರು. ಗಾರೆಗೆ ಗತಿಯಿರಲಿಲ್ಲ, ಕೆಮ್ಮಣ್ಣು ಕಲಸಿದರು. ಶೆಟ್ಟೆಪ್ಪ ಬೈಯುತ್ತಲೇ ಬಂದು ಮೂಲೆಗಲ್ಲು ಸರಿಮಾಡಿದ. ಸೊಂಟದೆತ್ತರಕ್ಕೆ ಗೋಡೆ ಬಂತು. ಮೇಲೆ ಬಿದಿರು ಅಡ್ಡ ಹಾಕಿ ತಟ್ಟು ಹೊದಿಸಿದರು. ಅದನ್ನು ದವಾಖಾನೆ ಎಂದು ಕರೆದರು. ಡಾಕ್ಟರಿಲ್ಲ, ಔಷಧಿಯಿಲ್ಲ, ಸರಿಯಾದ ಸೂರಿಲ್ಲ. ನೋಡಿದರೆ ಸರ್ಕಾರಿ ದವಾಖಾನೆಯ ಎಲ್ಲ ಲಕ್ಷಣವೂ ಇತ್ತು.

ಕೆಳಗೆ, ಸಾರ್ವಜನಿಕರ ಸಹಕಾರ ದೊರೆಯದ ಕಾರಣ ಕೇಂದ್ರದ ಕೆಲಸ ಮುಂದಕ್ಕೆ ಹೋಗಿದೆ ಎಂದು ಕೇಶವಮೂರ್ತಿ ಸಭೆ ಸಭೆಗಳಲ್ಲಿ ಮರುಗುತ್ತಿದ್ದರು. ಗುಡಿಯ ಪಕ್ಕದ ಗುಂಡಿಯಲ್ಲಿ ಎಮ್ಮೆಯೊಂದು ಬಿದ್ದು ಕಾಲು ಮುರಿದುಕೊಂಡಿತು. ಕೇಂದ್ರದ ಮೊದಲ ರೋಗಿ.

ದ್ಯಾಮವ್ವನಿಗೆ ನೋವು ಬಂದದ್ದು ಮಂಗಳವಾರ, ಹೊತ್ತು ಏರುವಾಗ. ಶನಿವಾರಕ್ಕೆ ಕಾಯುವ ಶಿಸ್ತು ಅವಳ ಹೊಟ್ಟೆಗೆ ಇರಲಿಲ್ಲ. ಹುಲಿಗೆವ್ವ ಅವಳನ್ನು ಹೊಸ ಗೋಡೆಯೊಳಗೆ ಮಲಗಿಸಿ ಸುತ್ತ ಸೀರೆ ಕಟ್ಟಿದಳು. ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿದಳು. ಮತ್ತೆ ನೋಡಿದಳು. ಕೂಸು ಎತ್ತ ಮುಖ ಮಾಡಿದೆ ಎಂದು ತಿಳಿಯಲಿಲ್ಲ. ಹೋದ ಸಲವೂ ತಿಳಿದಿರಲಿಲ್ಲ. ಹೊರಗೆ ನಿಂತಿದ್ದ ಮಗನನ್ನು ಕೂಗಿದಳು.

"ಪರ್ಯಾ, ಕೆಳಗ ಹೋಗು. ಆ ಚೀಲದ ಹುಡುಗಿ ಹೋಟ್ಲದಾಗ ಕುಂತಿರ್ತಾಳ. ಕರಿ."

"ಬರ್ತಾಳೇನಬೇ?"

"ಬರ್ಲಿ, ಬಿಡ್ಲಿ. ಹಿತ್ತಿಲ ಕಿಂಡ್ಯಾಗ ನಿಂತು ಮಾತ್ರ ಕೇಳಬ್ಯಾಡ."

ಪರಪ್ಪ ಓಡಿದ. ಆಮೇಲೆ ಅವನೇ ಹೇಳಿದ್ದು: ಮುಂಬಾಗಿಲಿನಿಂದಲೇ ನುಗ್ಗಿದನಂತೆ. ದೋಸೆ ತಿನ್ನುತ್ತಿದ್ದವರು ತಟ್ಟೆ ಎತ್ತಿಕೊಂಡರಂತೆ. ಗಲ್ಲಾಪೆಟ್ಟಿಗೆಯ ಮುಂದಿದ್ದ ಸದಾನಂದ, ಕೇಂದ್ರದ ನರ್ಸು ಕೇಂದ್ರ ಬಿಟ್ಟು ಹೋಗುವ ಹಾಗಿಲ್ಲ, ಸಮಿತಿಯ ಒಪ್ಪಿಗೆ ಬೇಕು ಎಂದರಂತೆ. ಶೀಲಾವತಿ ಬೆಂಚಿನಿಂದ ಎದ್ದು, "ಯಾವ ಕೇಂದ್ರ ಅಣ್ಣ? ಈ ಬೆಂಚಾ?" ಎಂದು ಕೇಳಿ ಚೀಲ ತೆಗೆದುಕೊಂಡಳಂತೆ.

ಹುಲಿಗೆವ್ವ ಮೇಲಿನಿಂದ ನೋಡುತ್ತಿದ್ದಳು. ಬಿಸಿಲಲ್ಲಿ ಮಗನ ಹಿಂದೆ ಬಿಳಿ ಸೀರೆ ಗುಡ್ಡ ಹತ್ತುತ್ತಿತ್ತು. ಒಳಗೆ ದ್ಯಾಮವ್ವ ಹಲ್ಲು ಕಚ್ಚಿ ನರಳುತ್ತಿದ್ದಳು. ಹುಲಿಗೆವ್ವನಿಗೆ ಓಡಿ ಹೋಗಿ ಆ ಹುಡುಗಿಯ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ. ಬಾಗಿಲಿನ ಜಾಗದಲ್ಲಿ ನೀರಿನ ಕೊಡ ಇಟ್ಟುಕೊಂಡು ನಿಂತಳು.

ಶೀಲಾವತಿ ಏದುಸಿರು ಬಿಡುತ್ತ ಬಂದು ಗೋಡೆಯ ಮುಂದೆ ನಿಂತಳು. ಮೇಲಿನ ತಟ್ಟು ನೋಡಿದಳು, ಕೆಳಗಿನ ಕಲ್ಲು ನೋಡಿದಳು.

"ಒಳಗೆ ಬರಬಹುದಾ ಅಮ್ಮ?"

"ಕೈ ತೊಳಕೊಂಡು ಬಾ."

ಶೀಲಾವತಿ ಚೀಲ ಕೆಳಗಿಟ್ಟು ತೋಳು ಮಡಚಿ, ಎರಡೂ ಕೈ ಮುಂದೆ ಹಿಡಿದಳು. ಹುಲಿಗೆವ್ವ ತನ್ನ ಕೊಡದಿಂದ ನೀರು ಹುಯ್ದಳು. ಹುಡುಗಿ ಚೀಲದಿಂದ ಸಾಬೂನು ತೆಗೆದು ಮೊಣಕೈವರೆಗೆ ಉಜ್ಜಿ ತೊಳೆದಳು. ಕೈ ಕೊಡವಿ ಒಳಗೆ ಹೆಜ್ಜೆ ಇಡಲು ಹೊರಟಳು. ಹುಲಿಗೆವ್ವ ಅಡ್ಡ ನಿಂತಿದ್ದಳು, ಕೊಡ ಮತ್ತೆ ಬಾಗಿತ್ತು.

"ಇನ್ನೊಂದು ಸಲ" ಎಂದಳು. "ಹೋಟ್ಲದ ಬೆಂಚಿನ ಮ್ಯಾಲ ಕುಂತು ಬಂದಿ."